ಅರಿಸಿನದ ಗೆರೆ

ಮೊನ್ನೆ ತಂಗಿಯ ಮೊಮ್ಮಗಳು ಬಲವಂತ ಮಾಡಿ ಒಂದು ಸಿನಿಮಾ ತೋರಿಸಿದಳು. ಲಂಚಕೋರ ಇನ್‌ಸ್ಪೆಕ್ಟರ್, ಮಾದಕ ಪುಡಿಯ ದಾಸ. ಕನ್ನಡಕದ ಗುಮಾಸ್ತನೊಬ್ಬ ಉಗ್ರಾಣದ ಬೀಗ ತೆಗೆದುಕೊಡುತ್ತಾನೆ, ಇವನು ಹಿಡಿದ ಮಾಲನ್ನೆಲ್ಲ ಮೂಗಿಗೇರಿಸಿ, ಹೆಣದ ಪಕ್ಕ ಕೂತು ಜೋಕ್ ಹೊಡೆಯುತ್ತಾನೆ. “ಡಾರ್ಕ್ ಕಾಮಿಡಿ ಅಜ್ಜಿ, ತುಂಬಾ ಬೋಲ್ಡ್” ಅಂದಳು. ಬೋಲ್ಡಂತೆ! ಇಂಥವನನ್ನು ನಾನು ಹದಿನಾಲ್ಕನೇ ವಯಸ್ಸಿನಲ್ಲೇ ಟಿಕೆಟ್ಟಿಲ್ಲದೆ ನೋಡಿದ್ದೇನೆ.

ಅರವತ್ತರ ದಶಕದ ಆರಂಭ. ಅಪ್ಪ ಕೋರ್ಟಿನ ಗುಮಾಸ್ತರು. ಯಾವ ಊರಿನ ಕೋರ್ಟೆಂದು ಹೇಳುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಟ್ರಾನ್ಸ್‌ಫರ್‌ನಲ್ಲಿ ಸುತ್ತಿದವರು ನಾವು, ಇಷ್ಟ ಬಂದದ್ದನ್ನು ಇಟ್ಟುಕೊಳ್ಳಿ. ನಾನು ಕಾನ್ವೆಂಟಿನ ಬೋರ್ಡಿಂಗ್‌ನಿಂದ ರಜಕ್ಕೆ ಬಂದಿದ್ದೆ. ಬಾಯಿ ತುಂಬ ಇಂಗ್ಲಿಷ್, ತಲೆ ತುಂಬ ಮಾರಲ್ ಸೈನ್ಸ್.

ಆ ಊರಿನ ಇನ್‌ಸ್ಪೆಕ್ಟರಿಗೆ ಅಫೀಮಿನ ಚಟ. ಮಧ್ಯಾಹ್ನ ಠಾಣೆಯಲ್ಲಿ ಕಂಪ್ಲೇಂಟ್ ಕೇಳುತ್ತ ಕೇಳುತ್ತಲೇ ಗಲ್ಲ ಎದೆಗಾನಿಸಿ ಅರ್ಧ ಗಂಟೆ ಮಾಯವಾಗುತ್ತಿದ್ದರು. “ನಮ್ ಸಾಯೇಬ್ರು ಕುಂತ ತಾವೇ ಧ್ಯಾನಕ್ಕೋಯ್ತಾರೆ ಕಣವ್ವಾ” ಎಂದು ನಮ್ಮ ಹಾಲಿನವಳು ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಖಾಕಿ ತೊಟ್ಟವನು ತೂಕಡಿಸಿದರೆ ಸಮಾಧಿ. ಕೂಲಿಯವನು ತೂಕಡಿಸಿದರೆ ಲಾಠಿ.

ಆ ಬೇಸಿಗೆ ಕೊಣನೂರು ಸಂತೆಯಿಂದ ಬರುತ್ತಿದ್ದ ಬಸ್ಸಿನಲ್ಲಿ, ಒಬ್ಬನ ಬೆಲ್ಲದ ಕುಕ್ಕೆಯ ತಳದಲ್ಲಿ ತೆಂಗಿನಕಾಯಿ ಗಾತ್ರದ ಅಫೀಮಿನ ಉಂಡೆ ಸಿಕ್ಕಿತು. ಬೆಲ್ಲ ಠಾಣೆಯಲ್ಲೇ ಉಳಿಯಿತು. ಉಂಡೆ ಬಿಳಿ ಬಟ್ಟೆಯೊಳಗೆ ಹೊಲಿಸಿಕೊಂಡು, ಅರಗಿನ ಮುದ್ರೆ ಒತ್ತಿಸಿಕೊಂಡು ಕೋರ್ಟಿಗೆ ಬಂತು. ಅಂಥ ಸಾಕ್ಷ್ಯಗಳ ಕೋಣೆಯ ಬೀಗದಕೈ ಅಪ್ಪನ ಕೋಟಿನ ಜೇಬಿನಲ್ಲಿ.

ಮರುವಾರದಿಂದಲೇ ಇನ್‌ಸ್ಪೆಕ್ಟರರ ಭೇಟಿ ಶುರುವಾಯಿತು.

“ಗುಮಾಸ್ತ್ರೇ, ಮಾಲು ಎಂಗದೆ ಅಂತ ಒಸಿ ವೆರಿಫೈ ಮಾಡ್ಬೇಕು. ಬಾಗ್ಲು ತೆಗೀರಿ.”

“ಮ್ಯಾಜಿಸ್ಟ್ರೇಟರ ಆರ್ಡರ್ ಇಲ್ಲದೆ ಹೇಗೆ ಸಾರ್...”

“ಬೀಗ ನಿಮ್ದು, ಮುದ್ರೆ ನಮ್ದು. ನಾಳೆ ಮಾಲು ಕಮ್ಮಿಯಾದ್ರೆ ಯಾರ್ನ ಕೇಳ್ತಾರೆ? ಬೀಗದವ್ನ. ಸುಮ್ಕೆ ತೆಗೀರಿ.”

ಅಪ್ಪ ತೆಗೆದರು. ಒಂದು ದಿನವಲ್ಲ, ದಿನಾ. ಈ ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ವಿಚಾರಣೆಗೆ ಎರಡು ದಿನವಿತ್ತು. ಊಟದ ಕ್ಯಾರಿಯರ್ ಕೊಡಲು ಹೋದ ನಾನು ಆ ಕೋಣೆಯ ಬಾಗಿಲ ಕೆಳಗೆ ಇರುವೆಯ ಸಾಲು ಕಂಡೆ. ಕಾನ್ವೆಂಟ್ ಹುಡುಗಿಯರ ಹಾಗೆಯೇ ಶಿಸ್ತಾಗಿ, ಒಂದರ ಹಿಂದೊಂದು. ಅಪ್ಪ ಬೀಗ ತೆಗೆದು ನೋಡಿದರೆ, ನೇರ ಆ ಬಿಳಿ ಗಂಟಿನೊಳಕ್ಕೆ.

“ಅಪ್ಪಾ, ಓಪಿಯಮ್ ಬಿಟರ್ ಅಲ್ವಾ? ಇರುವೆ ಯಾಕೆ ಮುತ್ತಿವೆ?”

ಅಪ್ಪನ ಮುಖ ಆ ಬಟ್ಟೆಯಷ್ಟೇ ಬಿಳಿಯಾಯಿತು. ಗಂಟಿನಲ್ಲಿ ಈಗಿರುವುದು ಕುಕ್ಕೆಯ ಕರೀ ಬೆಲ್ಲ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಮೇಲಿನವರಿಗೆ ಬರೆದು ತಿಳಿಸಿದರೆ, ದಿನಾ ಬಾಗಿಲು ತೆಗೆದವರು ಯಾರು ಅಂತಾರೆ. ಸುಮ್ಮನಿದ್ದರೆ? ಕೋರ್ಟಿನಲ್ಲಿ ಸಾಮಾನ್ಯವಾಗಿ ಮುದ್ರೆ ನೋಡಿ ಬದಿಗಿಡುತ್ತಾರೆ, ಬಿಚ್ಚುವುದಿಲ್ಲ. ಇರುವೆ ಕಾಣದಿದ್ದರೆ ಸಾಕು, ನೌಕರಿ ಉಳಿದೀತು.

“ಇರುವೆ ಅರಿಸಿನ ದಾಟೋಲ್ಲ ಅಪ್ಪ. ಅಮ್ಮ ಸಕ್ಕರೆ ಡಬ್ಬಿ ಸುತ್ತ ಹಾಕಲ್ವಾ?” ಅಂದೆ. ಕ್ಲಾಸಿಗೇ ಫಸ್ಟ್ ಅಲ್ಲವೇ ನಾನು! ಮನೆಗೆ ಓಡಿ, ಪೊಟ್ಟಣ ಕಟ್ಟಿ ತಂದು, ಗಂಟಿನ ಸುತ್ತ ನಾನೇ ಗೆರೆ ಎಳೆದೆ. ಹೊಲಿಗೆಯ ಮೇಲೂ ಉದುರಿಸಿದೆ. ಅಪ್ಪ ನೋಡುತ್ತ ನಿಂತಿದ್ದರು. ಮಾರಲ್ ಸೈನ್ಸ್ ರಜದ ಮೇಲಿತ್ತು.

ವಿಚಾರಣೆಯ ದಿನ ಕ್ಯಾರಿಯರ್ ಹಿಡಿದು ಕಿಟಕಿಯಾಚೆ ನಿಂತಿದ್ದೆ. ಆರೋಪಿಯ ವಕೀಲರು ಗಂಟು ಬಿಚ್ಚಲೇಬೇಕೆಂದು ಹಟ ಹಿಡಿದರು. ಬಿಚ್ಚಿದರು. ಕರೀ ಉಂಡೆ.

“ಇದು ಅಫೀಮು ಎಂದು ಹೇಗೆ ಹೇಳುತ್ತೀರಿ ಇನ್‌ಸ್ಪೆಕ್ಟರ್?” ಎಂದರು ವಕೀಲರು.

“ಸರ್ವೀಸೆಲ್ಲ ಇದ್ರಲ್ಲೇ ಸವೆದದೆ ಸಾ. ನಾಲ್ಗೆಗಿಟ್ರೆ ಗೊತ್ತಾಯ್ತದೆ” ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, “ಥೂ, ಹಾಲಾಹಲ ಕಹಿ!” ಅಂದರು. ವಾಟ್ ಆ್ಯಕ್ಟಿಂಗ್! ಮರುಕ್ಷಣವೇ “ಅಯ್ಯಯ್ಯಪ್ಪೋ!” ಎಂದು ಎಗರಿದರು. ನನ್ನ ಗೆರೆಯಿಂದಾಗಿ ಹೊರಗಿನ ಇರುವೆ ಒಳಗೆ ಬಂದಿರಲಿಲ್ಲ, ನಿಜ. ಒಳಗಿದ್ದವೂ ಹೊರಗೆ ಹೋಗಿರಲಿಲ್ಲ. ನಾಲಗೆಗೇ ಕಚ್ಚಿದ್ದವು.

ಮ್ಯಾಜಿಸ್ಟ್ರೇಟರು ಉಂಡೆಯನ್ನು ಮೂಸಿ, “ಬೆಲ್ಲ” ಅಂದರು.

ಕಟಕಟೆಯಿಂದ ಆರೋಪಿ ಕೈಮುಗಿದ. “ಅಂಗಾರೆ ನನ್ ಬೆಲ್ಲ ನಂಗೆ ಕೊಟ್ಬುಡಿ ಸಾ.”

ಕೋರ್ಟೆಲ್ಲ ನಕ್ಕಿತು. ನಾನೂ ನಕ್ಕೆ, ದೇವರೇ. ಆಗ ಮ್ಯಾಜಿಸ್ಟ್ರೇಟರು ಬಟ್ಟೆ ಎತ್ತಿ ಹಿಡಿದರು. ಹೊಲಿಗೆಯುದ್ದಕ್ಕೂ ಹಳದಿ.

“ಗುಮಾಸ್ತರೇ, ಅರಿಸಿನ ಹಾಕಿದವರಿಗೆ ಒಳಗೆ ಸಿಹಿ ಇರುವುದು ಗೊತ್ತಿತ್ತು. ಯಾರು ಹಾಕಿದ್ದು?”

ಅಪ್ಪ ಕಿಟಕಿಯ ಕಡೆ ತಿರುಗಲಿಲ್ಲ. ತಿರುಗಬಾರದೆಂದೇ ಕತ್ತು ಬಿಗಿ ಹಿಡಿದಿದ್ದು ನನಗೆ ಕಾಣುತ್ತಿತ್ತು. “ನಾನೇ ಸ್ವಾಮಿ” ಅಂದರು. ನನಗೆ ತಿಳಿದ ಮಟ್ಟಿಗೆ ಅವರು ಆಡಿದ ಒಂದೇ ಸುಳ್ಳು.

ಇನ್‌ಸ್ಪೆಕ್ಟರ್ ನಾಲಗೆ ಊದಿದ್ದರೂ ಬಿಡಲಿಲ್ಲ. “ನಾ ಏಳ್ನಿಲ್ವಾ ಸಾ, ಬೀಗದವ್ನೇ ಕಳ್ಳ!”

ಆರೋಪಿ ಬಿಡುಗಡೆಯಾದ. ಅಪ್ಪನ ನೌಕರಿ ಹೋಯಿತು. ಇನ್‌ಸ್ಪೆಕ್ಟರರಿಗೆ ಬೇರೆ ಊರಿಗೆ ವರ್ಗ. ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೇ ಧ್ಯಾನಕ್ಕೆ ಹೋದರಂತೆ. ಜನ ಎದ್ದು ನಿಂತು ಕೈಮುಗಿದರಂತೆ. ನಾನು ಕಾನ್ವೆಂಟಿಗೆ ಮತ್ತೆ ಹೋಗಲಿಲ್ಲ. ನನ್ನ ಇಂಗ್ಲಿಷ್ ಅಲ್ಲಿಗೇ ನಿಂತಿತು. ಅಪ್ಪ ಇರುವವರೆಗೂ ಮನೆಯಲ್ಲಿ ಯಾರೂ ಅರಿಸಿನದ ಮಾತೆತ್ತಲಿಲ್ಲ.

ಸಿನಿಮಾದ ಕೊನೆಯಲ್ಲಿ ಆ ಇನ್‌ಸ್ಪೆಕ್ಟರ್ ಗುಂಡೇಟು ತಿಂದು, ಪಿಟೀಲಿನ ಸಂಗೀತದಲ್ಲಿ ನಿಧಾನವಾಗಿ ಸತ್ತ. ಹುಡುಗಿ ಕಣ್ಣೊರೆಸಿಕೊಂಡಳು. “ಪಾಪ ಅಲ್ವಾ ಅಜ್ಜಿ?”

“ಬೀಗ ತೆಗೆದುಕೊಟ್ಟ ಆ ಗುಮಾಸ್ತ ಏನಾದ?” ಎಂದು ಕೇಳಿದೆ.

“ಯಾವ ಗುಮಾಸ್ತ?” ಅಂದಳು.