ನೀರು ಸೋಕಿದ ಕಾಳು

ಒಣ ಅವರೆಕಾಳನ್ನು ಹದವಾಗಿ ನೆನೆಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಚಿಂತಾಮಣಿಯ ಆ ಬೀದಿಯಲ್ಲಿ ಅದು ಲಕ್ಷ್ಮಿದೇವಮ್ಮನಿಗೆ ಒಲಿದಿತ್ತು. ಸಂಜೆ ನೆನೆಹಾಕಿದರೆ ಮರುದಿನ ಹೊತ್ತೇರುವಷ್ಟರಲ್ಲಿ ಸಿಪ್ಪೆ ಸಡಿಲವಾಗಿ, ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಈಚೆಗೆ ಬರಬೇಕು. ಕಡಿಮೆ ನೆಂದರೆ ಉಗುರು ಕಿತ್ತುಬರುತ್ತದೆ, ಜಾಸ್ತಿ ನೆಂದರೆ ವಾಸನೆ. ಕೈವಾರದ ಹತ್ತಿರದ ತವರಿನಿಂದ ಅವಳಿಗೆ ವರ್ಷಕ್ಕೊಂದು ಮೂಟೆ ಕಾಳು ಬರುತ್ತಿತ್ತು. ಬೀದಿಯಲ್ಲಿ ಆ ಕಾಳು ತಿನ್ನದವರಿಲ್ಲ, ಅವಳ ಮನೆಯ ನೀರು ಕುಡಿದವರೂ ಇಲ್ಲ.

ಗಂಡ ಕೆಂಪರಾಜು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಡುಮನೆಯಲ್ಲಿ ಬುದ್ಧನ ಪಟ. ಇವರು ಯಾವ ಕೇರಿಯಿಂದ ಬಂದವರೆಂದು ಬೀದಿಗೆಲ್ಲ ಗೊತ್ತಿತ್ತು. ಇಂಥದ್ದನ್ನು ಪತ್ತೆಮಾಡಲು ನಮ್ಮ ಜನಕ್ಕೆ ಎರಡು ದಿನ ಸಾಕು ಬಿಡಿ. ಎದುರುಮನೆಯ ಮೇಷ್ಟರ ಹೆಂಡತಿ ಪಂಕಜ ಒಬ್ಬಳೇ "ಬನ್ರೀ ಒಳಗೆ" ಅನ್ನುತ್ತಿದ್ದವಳು. ಆರು ವರ್ಷ ಆ ಒಂದು ಮಾತನ್ನೇ ನೆಚ್ಚಿಕೊಂಡು ಲಕ್ಷ್ಮಿದೇವಮ್ಮ ಅಲ್ಲಿ ಬಾಳಿದ್ದಳು.

ಎರಡು ಸಾವಿರದ ಆರರಲ್ಲಿ ಪಂಕಜನ ಮಗಳು ಶ್ರೀವಲ್ಲಿಯ ನಿಶ್ಚಿತಾರ್ಥ. ಹಿದುಕಿದ ಬೇಳೆ ಸಾರೇ ಆಗಬೇಕೆಂದು ಗಂಡಿನವರ ಆಸೆ. ಪಂಕಜನಿಗೋ ಮಣಿಕಟ್ಟು ಉಳುಕಿತ್ತು.

"ಕಾಳು ಕೊಟ್ರೆ ಸಾಕು ಕಣ್ರೀ, ಹೆಂಗೋ ಮಾಡ್ಕೋತೀವಿ."

"ಈ ಕೈಯಲ್ಲಾ? ನಾನೇ ನೆನೆಹಾಕಿ, ಹಿದುಕಿ ತಂದ್ಕೊಡ್ತೀನಿ."

"ಅಯ್ಯೋ ಬೇಡ್ರೀ, ನಿಮಗ್ಯಾಕೆ ತೊಂದ್ರೆ!"

ಅದನ್ನು ಲಕ್ಷ್ಮಿದೇವಮ್ಮ ಉಪಚಾರದ ಮಾತು ಅಂದುಕೊಂಡಳು. ಎಡವಿದ್ದು ಅಲ್ಲೇ. ಅವಳ ಅಮ್ಮ ಸಾಯುವತನಕ ಹೇಳುತ್ತಿದ್ದಳು, "ಒಣಗಿದ್ದು ಕೊಡು, ಈಸ್ಕೋತಾರೆ. ನೀರು ಸೋಕಿದ್ದು ಮಾತ್ರ ಕೊಡೋಕೆ ಹೋಗ್ಬೇಡ ಕಣಮ್ಮ" ಅಂತ. ಅದೆಲ್ಲ ಹಳೇ ಕಾಲದ್ದು ಎಂದು ಮಗಳು ಮರೆತೇ ಬಿಟ್ಟಿದ್ದಳು.

ನಾಲ್ಕು ಸೇರು ಕಾಳು. ಇಡೀ ದಿನ ಒಬ್ಬಳೇ ಕೂತು ಹಿದುಕಿದಳು. ಬೆರಳ ತುದಿ ಸುಕ್ಕುಗಟ್ಟಿ ಉರಿಯುತ್ತಿತ್ತು, ಮನಸ್ಸು ಮಾತ್ರ ಹಬ್ಬದಂತಿತ್ತು. ಪಾತ್ರೆಯ ಮೇಲೆ ಹೊಸ ಬಟ್ಟೆ ಹೊದಿಸಿ ಒಯ್ದರೆ, ಪಂಕಜ ಬಾಗಿಲಲ್ಲೇ ನಿಂತು, "ಅಲ್ಲೇ ಕಟ್ಟೆ ಮೇಲಿಡಿ" ಅಂದಳು.

ಮರುದಿನ ರೇಷ್ಮೆ ಸೀರೆಯುಟ್ಟು ಹೋಗಿ ಊಟಕ್ಕೆ ಕೂತಳು. ಎಲೆಗೆ ಬಂದದ್ದು ತೊಗರಿಬೇಳೆ ಹುಳಿ. ನಮ್ಮ ಬೇಳೆಯನ್ನು ಸಂಜೆಗೆ ಇಟ್ಟಿರಬೇಕು ಅಂದುಕೊಂಡಳು, ಪಾಪ, ಎಂಥಾ ಪೆದ್ದಿ! ಕೈತೊಳೆಯಲು ಹಿತ್ತಿಲಿಗೆ ಹೋದರೆ, ಹಸು ಕಲಗಚ್ಚಿನ ಬಾನಿಗೆ ಮೂತಿ ಇಟ್ಟಿತ್ತು. ಬಾನಿಯ ತುಂಬ ಅವಳು ಹಿದುಕಿದ ಬೇಳೆ.

ಹಿಂದೆಯೇ ಬಂದ ಪಂಕಜ ಪಿಸುಗುಟ್ಟಿದಳು. "ತಪ್ಪು ತಿಳ್ಕೋಬೇಡ್ರೀ. ಮನೇಲಿ ಅತ್ತೆ ಇದ್ದಾರೆ. ಒಣಕಾಳಾದ್ರೆ ದೋಷ ಇಲ್ಲ, ನೀರು ಬಿದ್ರೆ ಅವರು ಒಪ್ಪಲ್ಲ. ನನಗೇನಿಲ್ಲಪ್ಪ."

ಮುಖಕ್ಕೆ ಉಗಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಲಕ್ಷ್ಮಿದೇವಮ್ಮ ತಾಂಬೂಲಕ್ಕೂ ನಿಲ್ಲದೆ ಮನೆಗೆ ಬಂದಳು. ಕೆಂಪರಾಜು "ನಾನು ಮೊದಲೇ ಹೇಳ್ಲಿಲ್ವಾ" ಅನ್ನಲಿಲ್ಲ, ಅದೊಂದು ಪುಣ್ಯ.

ಮುಂದಿನ ಸುಗ್ಗಿ ಮುಗಿದು ತವರಿನ ಮೂಟೆ ಬಂತು. ಮೂರೇ ದಿನಕ್ಕೆ ಪಂಕಜ ಚೀಲ ಹಿಡಿದು ಹೊಸಿಲಾಚೆ ನಿಂತಿದ್ದಳು. "ಏನ್ರೀ ಲಕ್ಷ್ಮಿ, ಮರೆತೇ ಬಿಟ್ರಾ ನಮ್ಮನ್ನ? ಕಾಳು ಬಂತಂತೆ, ಎರಡು ಸೇರು ಕೊಡ್ರೀ."

ಲಕ್ಷ್ಮಿದೇವಮ್ಮ ಒಳಗೆ ಹೋಗಿ ಎರಡು ಸೇರು ಅಳೆದು ಪಾತ್ರೆಗೆ ಹಾಕಿದಳು. ಬಾಗಿಲಿಗೆ ತಂದು, ಪಂಕಜ ನೋಡುತ್ತಿದ್ದಂತೆಯೇ ಒಂದು ಚೊಂಬು ನೀರನ್ನು ಅದಕ್ಕೆ ಸುರಿದಳು.

"ತಗೊಳ್ರೀ. ನಿಮಗೇನಿಲ್ಲ ಅಂದಿದ್ರಲ್ಲ."

ಪಂಕಜ ಚಾಚಿದ್ದ ಚೀಲವನ್ನು ಎಳೆದುಕೊಂಡು ಹೊರಟುಹೋದಳು.

ಎರಡು ಸೇರನ್ನೂ ಹಿದುಕಿ ಲಕ್ಷ್ಮಿದೇವಮ್ಮ ಸಾರು ಮಾಡಿದಳು. ಗಂಡ ಹೆಂಡಿರಿಬ್ಬರೇ, ಮೂರು ದಿನ ತಿಂದರೂ ಮುಗಿಯಲಿಲ್ಲ. "ಬನ್ರೀ ಒಳಗೆ" ಅನ್ನುವ ಒಂದು ಬಾಯಿಯೂ ಆ ಬೀದಿಯಲ್ಲಿ ಉಳಿಯಲಿಲ್ಲ.