ದೀನರ ಸಭೆ

“ದೀನರು ಅಂದ್ರ ನೀವೇ ಏನ್ರಿ?” ಇಳಕಲ್ಲಿನ ಕಾಲೇಜಿನ ಅಂಗಳದಲ್ಲಿ ಒಬ್ಬ ತಾಯಿ ನನ್ನನ್ನು ತಡೆದು ಕೇಳಿದರು. ಎಂಬತ್ತರ ದಶಕದ ಮಾತು. ಸಣ್ಣ ಊರುಗಳಲ್ಲಿ ನಕಲು ಹೆಚ್ಚೆಂದು ವಿಶ್ವವಿದ್ಯಾಲಯದ ಡೀನ್‌ಗಳೆಲ್ಲ ಸೇರಿ ಅಲ್ಲಿನ ಬಿ.ಎ. ಪರೀಕ್ಷಾ ಕೇಂದ್ರವನ್ನು ಬಾಗಲಕೋಟೆಗೆ ಸೇರಿಸಿದ್ದೆವು. ಅದನ್ನು ತಿಳಿಸಲು ನಾನು ಹೋಗಿದ್ದೆ.

“ಮಗಳು ಹಸಿ ಬಾಣಂತಿ ಅದಾಳ್ರಿ. ಕೂಸು ಕಟ್ಕೊಂಡು ದಿನಾ ಬಾಗಲಕೋಟಿಗೆ ಹೆಂಗ ಹೋಗ್ಬೇಕ್ರಿ? ಪರೀಕ್ಷಾ ಇಲ್ಲೇ ಇಡ್ರಿ.”

ನನ್ನ ಕಿವಿಯಲ್ಲಿ ಮಾತ್ರ ಇನ್ನೂ ಆ ‘ದೀನರು’ ಗುಂಯ್‌ಗುಡುತ್ತಿತ್ತು. “ದೀನ ಅಲ್ಲ ಯವ್ವಾ, ಡೀನ್. ದೊಡ್ಡ ಹುದ್ದೆ ಅದು” ಎಂದು ನಗುತ್ತ ತಿದ್ದಿದೆ.

ಅವರು ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. “ತಪ್ಪಾತ್ರಿ ಸಾಹೇಬ್ರ. ದೀನರ ಸಭಾದಾಗ ಠರಾವು ಆಗೇತಿ ಅಂದ್ರು. ನಮ್ಮಂಥಾ ಬಡವ್ರ ಕುಂತಿರ್ತಾರ, ಹೇಳಿದ್ರ ತಿಳ್ಕೋತಾರ ಅಂತ ಬಂದಿದ್ದೆ.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಮುಂದಿನ ಸಭೆಯಲ್ಲಿ ನಾನು ಮಾತೆತ್ತಿದೆ, ಠರಾವು ಕದಲಲಿಲ್ಲ. ಆ ಹೆಣ್ಣುಮಗಳು ಪರೀಕ್ಷೆಗೆ ಕೂತಳೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಈಗಲೂ ನಮ್ಮ ಕಡೆ ಯಾರಾದರೂ ‘ದೀನ್ ಸಾಹೇಬ್ರ’ ಎಂದು ಕರೆದರೆ, ತಿದ್ದಲು ನಾಲಿಗೆ ಏಳುವುದಿಲ್ಲ.