ಬದುಕಿದ್ದವನ ಎಡೆ

ನಮ್ಮ ಭಾವ ರಾಮಾಂಜಿನಪ್ಪನವರು ತೀರಿಕೊಂಡಿದ್ದು ಎಪ್ಪತ್ತೊಂಬತ್ತರಲ್ಲಿ. ಅವತ್ತು ದೇವನಹಳ್ಳಿಯಿಂದ ಬಂದ ಯಾವನೋ ಮುಖಂಡ ಹೆಣದ ಮುಂದೆ ನಿಂತು ಭಾಷಣ ಬಿಗಿದ. ಎರಡು ಯುದ್ಧ ಕಂಡ ಧೀರ, ಯಾರಿಗೂ ಹೆದರದ ಯೋಧ, ಹಾಗೆ, ಹೀಗೆ. ನನಗೆ ಮೈಯೆಲ್ಲ ಉರಿಯಿತು. ಯಾರಿಗೂ ಹೆದರದವರಂತೆ. ಭಾವ ಜೀವಮಾನವಿಡೀ ಒಬ್ಬರಿಗೆ ಹೆದರಿದರು, ಅವರ ತಾಯಿ ಅಮ್ಮಯಮ್ಮನಿಗೆ. ಆ ವಿಷಯ ಬಿಟ್ಟು ಅವರ ಬಗ್ಗೆ ಏನು ಹೇಳಿದರೂ ಅದು ಬರೀ ಬೊಗಳೆ. ಅವರ ಹೆಂಡತಿ ಮುನಿಲಕ್ಷ್ಮಮ್ಮ ನನ್ನ ಒಡಹುಟ್ಟಿದ ಅಕ್ಕ. ಆ ಮನೆಯಲ್ಲಿ ಏನು ನಡೆಯಿತು ಅನ್ನುವುದನ್ನು ಹೇಳುವ ಹಕ್ಕು ಆ ಮುಖಂಡನಿಗಿಂತ ನನಗೇ ಹೆಚ್ಚು.

ಅವರದು ಕುಂದಾಣದ ಹತ್ತಿರದ ಹಳ್ಳಿ. ಅಪ್ಪ ಬೇಗ ಹೋಗಿಬಿಟ್ಟಿದ್ದರು, ಇಬ್ಬರು ತಂಗಿಯರ ಮದುವೆ ತಲೆಯ ಮೇಲಿತ್ತು, ಅದಕ್ಕೇ ಭಾವ ಮಿಲ್ಟ್ರಿ ಸೇರಿದ್ದು. ದೇಶಸೇವೆ ಅನ್ನುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದವನಲ್ಲ. ಅಲ್ಲಿ ಅವರ ಕೆಲಸ ಬೆಟ್ಟ ಕಡಿದು ರಸ್ತೆ ಮಾಡುವುದು. ಬಂದೂಕಿಗಿಂತ ಹಾರೆಯನ್ನೇ ಹೆಚ್ಚು ಹಿಡಿದವರು. ಅರವತ್ತೆರಡರಲ್ಲಿ ಚೀನಾದವರು ನುಗ್ಗಿದಾಗ ಭಾವನ ಸುದ್ದಿ ನಿಂತುಹೋಯಿತು. ಹೊಸಕೋಟೆ ಕಡೆಯ ಸಿಪಾಯಿಯೊಬ್ಬ ರಜೆಗೆ ಬಂದವನು, "ಆ ಕಂಪನೀಲಿ ಒಬ್ರೂ ಉಳಿದಿಲ್ಲ ಕಣಮ್ಮ" ಎಂದು ಅಮ್ಮಯಮ್ಮನಿಗೆ ಹೇಳಿ ಹೋದ. ಸಂಕ್ರಾಂತಿ ಕಳೆದ ಮೇಲೆ ಊರಿನ ಹಿರಿಯ ಅಪ್ಪಯ್ಯಣ್ಣ ಮುಂದೆ ನಿಂತು ತಿಥಿ ಮಾಡಿಸಿದ. ಅಕ್ಕನ ಬಳೆ ಒಡೆದರು, ಕುಂಕುಮ ಅಳಿಸಿದರು. ಮಗಳು ರುಕ್ಮಿಣಿ ಇನ್ನೂ ಚಿಕ್ಕವಳು.

ಆ ವರ್ಷದ ಪಿತೃಪಕ್ಷಕ್ಕೆ ಭಾವನಿಗೂ ಎಡೆ ಬಿತ್ತು. ನಮ್ಮ ಕಡೆ ಸತ್ತ ಹಿರಿಯರಿಗೆ ಅವರವರ ಇಷ್ಟದ್ದನ್ನೇ ಎಲೆಯ ಮೇಲೆ ಇಡಬೇಕು. ಹೊಸ ಬಟ್ಟೆ ಇಡಬೇಕು. ಆಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು, ಹಿರಿಯರು ಬಂದು ಊಟ ಮಾಡಿಕೊಂಡು ಹೋಗಲಿ ಅಂತ. ಅಮ್ಮಯಮ್ಮ ಕುರಿಮಾಂಸದ ಸಾರು ಮಾಡಿ, ಯಾರನ್ನೋ ಕಾಡಿ ಬೇಡಿ ಮಿಲ್ಟ್ರಿ ರಮ್ಮು ತರಿಸಿ, ಮಗನ ಫೋಟೋಗೆ ಹಾರ ಹಾಕಿ, ಹೊಸ ಪಂಚೆ ಮಡಿಸಿಟ್ಟು ಹೊರಗೆ ಬಂದಳು. ನಾವೆಲ್ಲ ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪಯ್ಯಣ್ಣ ಬಾಗಿಲು ತಳ್ಳಿದ. ಒಳಗೆ ಎಲೆಯ ಮುಂದೆ ಭಾವ ಚಕ್ಕಂಬಕ್ಕಳ ಹಾಕಿಕೊಂಡು ಕೂತು ಮೂಳೆ ಚೀಪುತ್ತಿದ್ದರು.

ಅಕ್ಕ ನಿಂತಲ್ಲೇ ಕುಸಿದಳು. ಅಪ್ಪಯ್ಯಣ್ಣ ಅಂಗಳ ದಾಟಿ ಬೀದಿಯಲ್ಲಿದ್ದ. ಅಮ್ಮಯಮ್ಮ ಮಾತ್ರ ಹೊಸ್ತಿಲ ಮೇಲೆ ನಿಂತು, "ಸಾರಿಗೆ ಉಪ್ಪು ಸರಿಯಾಗೈತೇನಪ್ಪಾ?" ಎಂದಳು. ಸತ್ತ ಮಗ ಬಂದಿದ್ದಾನೆ ಅಂದುಕೊಂಡೇ ಕೇಳಿದ್ದು ಅದು.

ಭಾವ ಚೀನಾದವರ ಕೈಗೆ ಸಿಕ್ಕಿ, ಅವರು ಬಿಟ್ಟ ಮೇಲೆ ಉತ್ತರದ ಯಾವುದೋ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರಂತೆ. ಯಾರ ಕೈಲೋ ಬರೆಸಿ ಹಾಕಿದ ಕಾಗದ ಊರು ತಲುಪಲೇ ಇಲ್ಲ. ಅವತ್ತು ದೇವನಹಳ್ಳಿಯಲ್ಲಿ ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದು ಹಿತ್ತಿಲಿನಿಂದ ಒಳಗೆ ಬಂದಿದ್ದಾರೆ. "ಎಡೆ ಇಟ್ಟಿರೋದು ಕಾಣಲಿಲ್ವಾ ಭಾವ?" ಎಂದು ನಾನು ಆಮೇಲೆ ಕೇಳಿದೆ. "ಕಾಣ್ತು. ಫೋಟೋನೂ ನೋಡ್ದೆ. ನಂದೇ. ಹಂಗಾದ್ರೆ ನನಗೇ ತಾನೇ ಇಟ್ಟಿರೋದು ಅಂತ ಕೂತೆ. ಹೊಟ್ಟೆ ಹಸಿದಿತ್ತು ಕಣೋ ಪಾಪಯ್ಯ" ಎಂದರು.

ತಿಥಿ ಆದವನು ಮನೆಗೆ ಸೇರುವುದು ಹೇಗೆ? ಬೀದಿಯಿಂದ ವಾಪಸು ಬಂದ ಅಪ್ಪಯ್ಯಣ್ಣ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ. ಮಾರಮ್ಮನ ಗುಡಿಯಲ್ಲಿ ಭಾವ ಅಕ್ಕನಿಗೆ ಮತ್ತೆ ತಾಳಿ ಕಟ್ಟಬೇಕು. ಕಟ್ಟಿದರು. "ಎರಡನೇ ಸಲಾನೂ ಇವರೇ ಗಂಟು ಬಿದ್ರಲ್ಲ" ಎಂದು ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟಕ್ಕೆ ಎಲ್ಲ ಮುಗಿಯಿತು ಅಂದುಕೊಂಡೆವು. ಮುಂದಿನ ಪಿತೃಪಕ್ಷ ಬಂದಾಗ ಅಮ್ಮಯಮ್ಮ ಮತ್ತೆ ಮಗನ ಫೋಟೋ ಇಳಿಸಿ ಒರೆಸತೊಡಗಿದಳು.

ಅಕ್ಕ ಹೌಹಾರಿದಳು. "ಬದುಕಿರೋರಿಗೆ ಎಡೆ ಇಡ್ತಾರೇನತ್ತೆ? ನನ್ನ ತಾಳಿಗೆ ಕುತ್ತು ತರ್ತೀರಾ?"

"ನಿನ್ನ ತಾಳಿ ಉಳಿಸೋಕೇ ಇಡ್ತಿರೋದು ಕಣೇ" ಎಂದಳು ಮುದುಕಿ. "ಯಮನ ಲೆಕ್ಕದಾಗೆ ನನ್ನ ಮಗ ಆಗಲೇ ಹೋದೋನು. ಹೋದೋನ್ನ ಮತ್ತೆ ಹುಡುಕ್ಕೊಂಡು ಬರ್ತಾನಾ ಅವನು? ಎಡೆ ನಿಲ್ಲಿಸಿದ್ರೆ ಅವನಿಗೆ ಅನುಮಾನ ಬರ್ತದೆ."

ಆ ವರ್ಷವೂ ಭಾವನಿಗೆ ಎಡೆ ಬಿತ್ತು. ಅರವತ್ತೈದರಲ್ಲಿ ಪಾಕಿಸ್ತಾನದ ಯುದ್ಧಕ್ಕೆ ಭಾವ ಹೋದರು. ಇತ್ತ ಪಿತೃಪಕ್ಷ ಬಂತು, ಅಮ್ಮಯಮ್ಮ ಎಡೆ ಇಟ್ಟಳು, ಆ ವಾರವೇ ಯುದ್ಧ ನಿಂತಿದೆ ಎಂದು ಅಂಗಡಿಯ ರೇಡಿಯೋ ಹೇಳಿತು. ಎರಡು ದೇಶದ ದೊಡ್ಡವರು ಏನೇನು ಮಾತಾಡಿಕೊಂಡಿದ್ದರೋ, ನಮ್ಮೂರಲ್ಲಿ ಅದರ ಕೀರ್ತಿ ಅಮ್ಮಯಮ್ಮನ ಕುರಿಸಾರಿಗೆ ಹೋಯಿತು. ಮುಂದಿನ ವರ್ಷ ಎಡೆಗೆ ಮಸಾಲೆ ಅರೆದವಳು ಅಕ್ಕನೇ.

ಅರವತ್ತೆಂಟರಲ್ಲಿ ಭಾವ ಮಿಲ್ಟ್ರಿ ಬಿಟ್ಟು ಬಂದರು. ಆಮೇಲೆ ಆ ಮನುಷ್ಯ ದುಡಿದ ರೀತಿ ನೋಡಿದರೆ ಯುದ್ಧವೇ ವಾಸಿ ಅನ್ನಿಸುತ್ತಿತ್ತು. ಕೋಳಿ ಕೂಗುವ ಮುಂಚೆ ಎದ್ದು ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವುದು, ಸೊಪ್ಪು ಕೊಯ್ದು ರೇಷ್ಮೆಹುಳುವಿಗೆ ಹಾಕುವುದು, ಸೈಕಲ್ ತುಳಿದು ದೇವನಹಳ್ಳಿಗೆ ಹೋಗಿ ಒಂದು ಗೋಡೌನಿನ ಬಾಗಿಲು ಕಾಯುವುದು, ಸಂಜೆ ಬಂದು ಮತ್ತೆ ಸೊಪ್ಪು. ತಂಗಿಯರ ಬಾಣಂತನ, ಮಕ್ಕಳ ಸ್ಕೂಲು, ಎಲ್ಲಕ್ಕೂ ಅವರದೊಂದೇ ಹೆಗಲು. ತಮಗಾಗಿ ಒಂದು ಟವೆಲ್ಲು ಕೊಂಡಿದ್ದನ್ನು ನಾನು ಕಾಣೆ. ಮೈಮೇಲಿನ ಪಂಚೆ, ಅಂಗಿ ಎಲ್ಲ ಎಡೆಗೆ ಇಟ್ಟಿದ್ದೇ. ಬದುಕಿದ್ದ ರಾಮಾಂಜಿನಪ್ಪನಿಗೆ ಮುದ್ದೆ, ಸೊಪ್ಪಿನ ಸಾರು. ಸತ್ತ ರಾಮಾಂಜಿನಪ್ಪನಿಗೆ ವರ್ಷಕ್ಕೊಂದು ದಿನ ರಮ್ಮು, ಮಾಂಸ, ಹೊಸ ಬಟ್ಟೆ. "ಸತ್ತಿದ್ರೂ ನಷ್ಟ ಏನಿಲ್ಲ ಕಣೋ" ಎನ್ನುತ್ತಿದ್ದರು ನನ್ನ ಹತ್ತಿರ. ತಾಯಿಯ ಹತ್ತಿರ ಉಸಿರೆತ್ತುತ್ತಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ರುಕ್ಮಿಣಿಗೆ ಹೊಸಕೋಟೆ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಬೇಸಾಯಗಾರ, ಬಾವಿ ಇದ್ದ ಹೊಲ, ಯಾವ ಚಟವೂ ಇಲ್ಲ. ಎಲ್ಲ ಒಪ್ಪಿಗೆಯಾದ ಮೇಲೆ ಗಂಡಿನ ಅಪ್ಪನಿಗೆ ಯಾರೋ ಕಿವಿ ಕಚ್ಚಿದ್ದಾರೆ. ಅವನು ನನ್ನನ್ನು ಕರೆಸಿ, "ಅಲ್ಲಪ್ಪಾ, ಹೆಣ್ಣಿನ ಅಪ್ಪ ಇದ್ದಾರೋ ಇಲ್ವೋ? ಒಬ್ರು ತೋಟದಲ್ಲಿ ಸೊಪ್ಪು ಕೊಯ್ತಿದ್ರು ಅಂತಾರೆ, ಇನ್ನೊಬ್ರು ಅವರಿಗೆ ಎಡೆ ಇಡ್ತಾರೆ ಅಂತಾರೆ. ಧಾರೆ ಎರೆಯೋರು ಯಾರು? ಆ ಎಡೆ ನಿಂತರೆ ಮಾತು, ಇಲ್ಲಾಂದ್ರೆ ಇಲ್ಲ" ಎಂದ. ತಪ್ಪೇನೂ ಹೇಳಲಿಲ್ಲ ಅವನು.

ಎರಡು ಯುದ್ಧ ಕಂಡ ಧೀರ ತಾಯಿಯ ಮುಂದೆ ಬಾಯಿ ಬಿಡಲು ವಾರ ತೆಗೆದುಕೊಂಡರು. ಬಿಟ್ಟಾಗಲೂ ನೆಲ ನೋಡಿಕೊಂಡೇ ಹೇಳಿದರು. ಅಮ್ಮಯಮ್ಮ ರಾಗಿ ಕೇರುವುದನ್ನು ನಿಲ್ಲಿಸಿ ಮೊರ ಕೆಳಗಿಟ್ಟಳು. ಆಮೇಲೆ, "ಆಗ್ಲಿ ಬಿಡು. ಮಗೀನ ಬಾಳು ಕೆಡಬಾರ್ದು" ಎಂದಳು. ಆ ಪಿತೃಪಕ್ಷಕ್ಕೆ ಭಾವನ ಫೋಟೋ ಗೋಡೆಯ ಮೇಲೇ ಉಳಿಯಿತು. ರುಕ್ಮಿಣಿಯ ಮದುವೆಯೂ ಚೆನ್ನಾಗಿಯೇ ಆಯಿತು.

ಆದರೆ ಎಡೆ ನಿಂತ ದಿನದಿಂದ ಅಮ್ಮಯಮ್ಮ ಮಗನ ಬೆನ್ನು ಬಿಡಲಿಲ್ಲ. ಯಮನಿಗೆ ಈಗ ಅನುಮಾನ ಬಂದಿರುತ್ತದಲ್ಲ, ಯಾರಾದರೂ ಕಾಯಬೇಕಲ್ಲ. ತೋಟಕ್ಕೆ ಹೋದರೆ ಅವಳೂ ಕೋಲೂರಿಕೊಂಡು ಹಿಂದೆಯೇ. ಬಾವಿಗೆ ಇಳಿದರೆ ಅವಳು ಕಟ್ಟೆಯ ಮೇಲೆ. ಭಾವ ಸೈಕಲ್ ಹತ್ತಿದರೆ ಊರ ಬಾಗಿಲವರೆಗೂ ಬಂದು, ಅವರು ಮರಳುವವರೆಗೂ ಅಲ್ಲೇ ಕಲ್ಲಿನ ಮೇಲೆ ಕೂತಿರುತ್ತಿದ್ದಳು. "ಮಿಲ್ಟ್ರಿ ರಾಮಾಂಜಿನಪ್ಪನಿಗೆ ಸೆಂಟ್ರಿ ಹಾಕವ್ರೆ" ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕವನೇ. ಭಾವನಿಗೆ ರೇಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೂ ಅವಳಿಗೆ ಆಯಾಸವಾಗದಿರಲಿ ಅಂತ ನಿಧಾನಕ್ಕೆ ನಡೆಯುತ್ತಿದ್ದರು.

ಎಪ್ಪತ್ತೈದರ ಆಷಾಢದಲ್ಲಿ ಮಳೆ ಹಿಡಿದು ಬಿಡಲಿಲ್ಲ. "ಮನೇಲಿರಮ್ಮ" ಎಂದು ಭಾವ ಗದರಿ ತೋಟಕ್ಕೆ ಹೋದರು. ತಿರುಗಿ ನೋಡಿದರೆ ಮುದುಕಿ ಗೋಣಿಚೀಲದ ಕೊಪ್ಪೆ ಹೊದ್ದು ಬದುವಿನ ಮೇಲೆ ನಿಂತಿದ್ದಾಳೆ. ಅವತ್ತು ಹತ್ತಿದ ಜ್ವರ ಇಳಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟಳು. ಮಗನ ಬದಲಿಗೆ ಹೋದಳು ಎಂದು ಅಪ್ಪಯ್ಯಣ್ಣ ಅಂದ. ಭಾವನಿಗೆ ಒಂದು ನೆಗಡಿಯೂ ಆಗಿರಲಿಲ್ಲ.

ಅವಳ ಹೆಸರಲ್ಲಿ ಎಡೆ ಇಡುವ ಹಬ್ಬ ಬಂತು. ಭಾವ ಸ್ನಾನ ಮಾಡಿ ಬಂದು ಎಲೆ ಹಾಸಿದರು. ಹೊಸ ಸೀರೆ ಇಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಮ್ಮಂಗೆ ಏನು ಇಷ್ಟ ಇತ್ತು?" ಎಂದು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. ನಾನು ಹಬ್ಬಕ್ಕೆ ಬಂದಿದ್ದ ರುಕ್ಮಿಣಿಯ ಮುಖ ನೋಡಿದೆ. ಮಾಂಸ ಅವಳು ಮುಟ್ಟುತ್ತಿದ್ದಳೋ ಇಲ್ಲವೋ, ಹೋಳಿಗೆ ತಿನ್ನುತ್ತಿದ್ದಳೋ ಇಲ್ಲವೋ, ಒಬ್ಬರಿಗೂ ನೆನಪಾಗಲಿಲ್ಲ. "ಎಲ್ರದೂ ಆದ್ಮೇಲೆ ಉಳಿದಿದ್ದು ತಿಂತಿದ್ರು. ನಾನು ಕೇಳ್ಲಿಲ್ಲ" ಎಂದಳು ಅಕ್ಕ.

ಭಾವ ಆ ಬರಿಯ ಎಲೆಯ ಮುಂದೆ ಕೂತುಬಿಟ್ಟರು. ತಾಯಿಯ ಹೆಣ ಎತ್ತುವಾಗಲೂ ಅಳದಿದ್ದವರು ಅವತ್ತು ಹೆಂಗಸರಿಗಿಂತ ಹೆಚ್ಚಾಗಿ ಅತ್ತರು. "ನಂಗೆ ಏನು ಇಷ್ಟ ಅಂತ ಊರಿಗೆಲ್ಲ ಗೊತ್ತು ಕಣೋ ಪಾಪಯ್ಯ" ಎಂದರು. ಎಲೆ ಹಾಗೆಯೇ ಇತ್ತು. ಅಕ್ಕ ಒಲೆಯ ಮುಂದೆ ಸೌಟು ಹಿಡಿದು, ಏನು ಬಡಿಸಬೇಕೋ ತಿಳಿಯದೆ ನಿಂತೇ ಇದ್ದಳು.